ಎರಡನೆಯ ಮೇಕೆಯಲ್ಲಿ ಗೆಲುವು

ರಾಜ ಗೆದ್ದ ಯುದ್ಧದಲ್ಲೂ ಸಾಯುವವರು ಬೇರೆಯವರ ಮಕ್ಕಳು. ಹಳೆಯ ಗ್ರೀಸಿನ ಸ್ಪಾರ್ಟಾದ ದಂಡಿಗೆ ಶಕುನ ನೋಡುವ ಟೆಲೆನಿಕನಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗಡಿಯ ಹೊಳೆ ದಾಟುವ ಮುನ್ನ ಬಲಿಯ ಮೇಕೆಯ ಯಕೃತ್ತನ್ನು ಅಂಗೈಯಲ್ಲಿಟ್ಟುಕೊಂಡು, ಮೂಸಿ, ಕಣ್ಣುಮುಚ್ಚಿ, "ಇನ್ನೊಂದು ಹಿಡ್ಕೊಂಬನ್ನಿ" ಎನ್ನುವುದು ಅವನ ವಾಡಿಕೆ. ಮೊದಲನೆಯದರಲ್ಲೇ ಗೆಲುವು ಕಂಡರೆ ಶಕುನಕ್ಕೇನು ಮರ್ಯಾದೆ? ಎರಡನೆಯದು ಎಷ್ಟೇ ಕೆಟ್ಟದಾಗಿರಲಿ, ಗೆಲುವು ಕಾಣುತ್ತಿತ್ತು. ಅಷ್ಟರಲ್ಲಿ ರಾಜ ಶಿರಸ್ತ್ರಾಣ ಕಟ್ಟಿಕೊಂಡಿರುತ್ತಿದ್ದ. "ನಮ್ ಟೆಲೆನಿಕಣ್ಣ ಕಲ್ಲು ಸೀಳಿದ್ರೂ ಗೆಲುವೇ ಬರ್ತದೆ ಕಣ್ರೋ, ಮಾಂಸ ಮಾತ್ರ ಅವನ ಮನೆಗೆ!" ಎಂದು ಈಟಿಯಾಳುಗಳು ನಗುತ್ತಿದ್ದರು. ಒಂದು ಬೆಳಿಗ್ಗೆ ಮಾತ್ರ ಯಾರೂ ನಗಲಿಲ್ಲ. ಆಚೆ ದಡದಲ್ಲಿ ಶತ್ರುಗಳ ಗುರಾಣಿಗಳು ಮಿನುಗುತ್ತಿದ್ದವು; ಈಚೆ, ಮೊದಲ ಸಾಲಿಗೆ ಹೊಸದಾಗಿ ಬಂದು ನಿಂತವನು ಟೆಲೆನಿಕನ ಒಬ್ಬನೇ ಮಗ. ಎರಡನೆಯ ಯಕೃತ್ತಿಗೂ ತುದಿಯಲ್ಲಿ ಇಳಿಬಿದ್ದಿರಬೇಕಾದ ಹಾಲೆಯೇ ಇರಲಿಲ್ಲ. ಅದು ಸೋಲಿನ ಗುರುತು. "ಏನಯ್ಯಾ, ದಾಟೋಣ್ವಾ?" ಎಂದು ರಾಜ ಕತ್ತಿಯ ಹಿಡಿಗೆ ಕೈಯಿಟ್ಟ. ಟೆಲೆನಿಕ ಯಕೃತ್ತನ್ನು ರಾಜನ ಮುಂದೆ ಹಿಡಿದ. "ಸ್ಪಾರ್ಟಾ ಕಾಯೋ ಅವಳಿ ದೇವರಾಣೆ, ಬೇಡ ಒಡೆಯಾ. ಬೇಕಾದ್ರೆ ನನ್ ತಲೆ ತಗೊಳ್ಳಿ, ಇವತ್ತು ಬೇಡ." ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಕಂಡದ್ದನ್ನು ಕಂಡಂತೆ ಹೇಳಿದ್ದ. ನೀವು ಮಾತ್ರ ನಿಮ್ಮ ಮಗ ಮೊದಲ ಸಾಲಿಗೆ ಬರುವವರೆಗೆ ಕಾಯಬೇಡಿ. ಬೇರೆಯವರ ಮಗ ನಿಂತಿರುವ ಇವತ್ತೇ 'ಬೇಡ' ಅನ್ನಿ.