ಬಿಸಿನೀರಿಗೆ ಬಿದ್ದ ರೇಸಿಂಗ್ ಸೂಟ್

ಮಗಳ ರೇಸಿಂಗ್ ಸೂಟಿಗೆ ಮೂವತ್ತೆಂಟು ಸಾವಿರ ರೂಪಾಯಿ ಬಿತ್ತು. ಮಾರುವವ ಹೇಳಿದ್ದು ಅದಕ್ಕಿಂತ ಹೆಚ್ಚು. ನಾನು ಎರಡು ಸಲ ಎದ್ದು ಹೊರಟಂತೆ ಮಾಡಿದೆ, ಎರಡು ಸಲವೂ ಹಿಂದಕ್ಕೆ ಕರೆದ. ಭುಜದಿಂದ ಮೊಣಕಾಲಿನವರೆಗೆ ಬರುವ, ಮಡಚಿದರೆ ಅಂಗೈಯಲ್ಲಿ ಹಿಡಿಯುವ ಒಂದು ತೆಳ್ಳನೆ ಬಟ್ಟೆಗೆ ಇಷ್ಟೇಕೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಐವತ್ತು ಮೀಟರ್ ಫ್ರೀಸ್ಟೈಲ್ ಅಂದರೆ ಕೊಳದ ಈ ತುದಿಯಿಂದ ಆ ತುದಿ, ಅಷ್ಟೇ. ಅಲ್ಲಿ ಮುಂದೆ ಬಂದವಳಿಗೂ ಹಿಂದೆ ಉಳಿದವಳಿಗೂ ಒಂದು ಬೆರಳಿನ ಅಂತರ. ಈ ಸೂಟು ಮೈಯನ್ನು ಬಿಗಿಯಾಗಿ ಹಿಡಿಯುತ್ತದೆ, ನೀರನ್ನು ಹತ್ತಿರಕ್ಕೆ ಬಿಡದೆ ಜಾರಿಸುತ್ತದೆ. ನಾಲ್ಕಾರು ಸ್ಪರ್ಧೆಗಳಿಗೆ ಹಾಕಿದರೆ ಅದರ ಆಯುಷ್ಯ ಮುಗಿಯಿತು. ಹಾಗಾಗಿ ದಿನನಿತ್ಯದ ಪ್ರಾಕ್ಟೀಸಿಗೆ ಸಾದಾ ಕಾಸ್ಟ್ಯೂಮ್, ಇದು ಸ್ಪರ್ಧೆಗೆ ಮಾತ್ರ.

ಬಿಗಿತದ ಬೆಲೆ ನನಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ಮುಂಬೈ ಲೋಕಲ್‌ನ ಲೇಡೀಸ್ ಬೋಗಿಯಲ್ಲಿ ನಿಂತು ಇಲಾಸ್ಟಿಕ್, ಹುಕ್ಕು, ಲೇಸು ಮಾರಿದವಳು ನಾನು. ಈಗ ಗ್ರಾಂಟ್ ರೋಡಿನಲ್ಲಿ ನನ್ನದೇ ಅಂಗಡಿ ಇದೆ, ಗೋಡೆಯ ತುಂಬ ಇಲಾಸ್ಟಿಕ್ಕಿನ ಸುರುಳಿಗಳು. ಒಂದು ಗೇಣು ಎಳೆದು ಬಿಟ್ಟರೆ ಎಷ್ಟು ದಿನ ಬಾಳುತ್ತದೆ ಅಂತ ಹೇಳಬಲ್ಲೆ.

ಮಗಳು ಏಷ್ಯಾ ಮಟ್ಟದ ಈಜು ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಮರುದಿನ ವಿಮಾನ. ಹೊಸ ಬಟ್ಟೆ ತಂದರೆ ಒಂದು ಮೂಲೆಗೆ ಕುಂಕುಮ ಮುಟ್ಟಿಸಿ ದೇವರ ಮುಂದೆ ಇಡುವುದು ನಮ್ಮ ವಿಜಾಪುರದ ಕಡೆಯ ರೂಢಿ. ಪರೇಲಿಗೆ ಬಂದು ಎಷ್ಟು ವರ್ಷವಾದರೂ ನಮ್ಮ ಚಾಳಿನ ಖೋಲಿಯಲ್ಲಿ ಅದು ತಪ್ಪಿಲ್ಲ. ಸೂಟನ್ನೂ ಇಟ್ಟಿದ್ದೆವು. ಅಂಗಡಿಯಿಂದ ಬಂದು ನೋಡಿದರೆ ದೇವರ ಮುಂದೆ ಬರೀ ಡಬ್ಬಿ ಇತ್ತು. ಸೂಟು ಖೋಲಿಯ ಮುಂದಿನ ಗ್ಯಾಲರಿಯ ತಂತಿಯ ಮೇಲೆ, ಸುಡುವ ಬಿಸಿಲಿನಲ್ಲಿ, ನನ್ನ ಸೀರೆಯ ಪಕ್ಕ ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿತ್ತು.

ನನ್ನ ಅತ್ತಿ, ಗಂಡನ ತಾಯಿ, ಅದನ್ನು ಕುದಿಯುವ ನೀರಿನಲ್ಲಿ ಸೋಡಾಪುಡಿ ಹಾಕಿ ನೆನೆಸಿ, ತಿಕ್ಕಿ, ಹಿಂಡಿದ್ದರು. ಹೊಸ ಅರಿವೆ ತೊಳೆಯದೆ ಮೈಮೇಲೆ ಹಾಕಬಾರದು ಅನ್ನುವುದು ಅವರ ಕಟ್ಟುನಿಟ್ಟು.

"ಔಷಧದ ವಾಸನಿ ಹೊಡೀತಿತ್ತವಾ," ಅಂದರು. "ಯಾರ ಯಾರ ಕೈ ತಾಗಿತ್ತೋ ಏನೋ. ಪರದೇಶಕ್ಕ ಹೊಂಟ ಕೂಸಿಗೆ ಹಂಗ ಹಾಕಸಾಕ ನನಗ ಮನಸ್ಸಾಗಲಿಲ್ಲ."

ಮಗಳು ಸೂಟು ಎತ್ತಿಕೊಂಡು ಮೂಲೆಯ ಬಚ್ಚಲಿನ ಪರದೆಯ ಹಿಂದೆ ಹೋದಳು. ಅದನ್ನು ಹಾಕಿಕೊಳ್ಳಲು ಅವಳಿಗೆ ಅರ್ಧ ತಾಸು ಬೇಕು, ಬೆವರಿಳಿಯಬೇಕು. ಅವತ್ತು ನಾನು ಚಪ್ಪಲಿ ಬಿಟ್ಟು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಹೊರಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಮಮ್ಮಿ, ಇದು ಐಸೇ ಹೀ ಚಢ್ ಗಯಾ," ಅಂದಳು. ಎಳೆದಾಡದೆ ಹಾಗೇ ಏರಿಬಿಟ್ಟಿತ್ತು.

"ಮತ್ತ? ಮೊನ್ನೆ ಎಷ್ಟು ಗುದ್ದಾಡಿದ್ದಿ," ಅಂದರು ಅತ್ತಿ, ಸಂತೋಷದಿಂದ. "ಈಗ ನೋಡು, ಹೆಂಗ ಸಲೀಸ್ ಆತು."

ನಾನು ಅವಳ ತೊಡೆಯ ಹತ್ತಿರ ಬಟ್ಟೆಯನ್ನು ಚಿವುಟಿ ಎಳೆದು ಬಿಟ್ಟೆ. ಫಟ್ಟನೆ ಬಡಿಯಬೇಕಾದದ್ದು ಸಾವಕಾಶ ಹಿಂದಕ್ಕೆ ಬಂತು. ಬಟ್ಟೆ ಸತ್ತಿತ್ತು. ಬೆನ್ನಿಗೆ ಒಂದು ಚೊಂಬು ನೀರು ಹಾಕಿದೆ. ಹನಿಯಾಗಿ ಉರುಳಬೇಕಾದ ನೀರನ್ನು ಅದು ಕುಡಿದುಬಿಟ್ಟಿತು.

ಮೊದಲು ನನಗೆ ಹೊಳೆದದ್ದು ನನ್ನ ಕಸುಬು. ಎರಡೂ ಪಕ್ಕಕ್ಕೆ ಹಿಡಿದು ಒಳಗಿನಿಂದ ಇಲಾಸ್ಟಿಕ್ ಕೊಟ್ಟು ಹೊಲಿದರೆ ಬಿಗಿಯಾಗುತ್ತದೆ, ಯಾವ ನಮೂನೆ ಬೇಕಾದರೂ ನನ್ನಲ್ಲಿದೆ. ಕತ್ತರಿ ಕೈಗೆ ತೆಗೆದುಕೊಂಡು ಕೋಚ್ ಸರ್‌ಗೆ ಫೋನ್ ಮಾಡಿದೆ. ಒಂದು ಹೊಲಿಗೆ ಹೆಚ್ಚು ಬಿದ್ದರೂ ತಪಾಸಣೆಯಲ್ಲಿ ಹಿಡಿದು ಅವಳನ್ನು ಹೊರಗೆ ಕೂರಿಸುತ್ತಾರೆ ಅಂದರು. ಒಪ್ಪಿಗೆಯ ಮುದ್ರೆ ಇರುವ ಸೂಟು, ಅದು ಹೇಗೆ ತಯಾರಾಗಿ ಬಂದಿದೆಯೋ ಹಾಗೇ ಇರಬೇಕು. ಇಡೀ ಗ್ರಾಂಟ್ ರೋಡಿಗೆ ಇಲಾಸ್ಟಿಕ್ ಕೊಡುವವಳು ಮಗಳಿಗೆ ಒಂದು ಗೇಣು ಕೊಡಲಾರದೆ ನಿಂತೆ. ಹಳೆಯ ಸೂಟೊಂದು ಇತ್ತು, ಅದರ ಭುಜದ ಹೊಲಿಗೆ ಬಿಟ್ಟಿತ್ತು.

ಕಾಂದಿವಲಿಗೆ ಓಡಿದೆ. ನಮಗೆ ಸೂಟು ಮಾರಿದವನೇ ಇವನ್ನು ಹೊರದೇಶದಿಂದ ತರಿಸುತ್ತಾನೆ, ಅವನ ಗೋಡೌನು ಅಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ. ಲೋಕಲ್ಲಿನಲ್ಲಿ ನಿಂತಷ್ಟು ಹೊತ್ತೂ ಬಾಗಿಲು ಮುಚ್ಚಿರುತ್ತಾನೆ ಅನ್ನುವ ಒಂದೇ ಚಿಂತೆ. ಮುಚ್ಚಿರಲಿಲ್ಲ. ಆದರೆ ಅವಳ ಅಳತೆಯದು ಖಲಾಸ್ ಅಂದ. ಒಂದು ಸೈಜು ದೊಡ್ಡದಿತ್ತು, ನಮಗೆ ಅದು ಸತ್ತ ಸೂಟಿಗೆ ಸಮ. ಒಂದು ಸೈಜು ಚಿಕ್ಕದು ಒಂದೇ ಒಂದು ಇತ್ತು.

ಎದ್ದು ಹೋಗಬಲ್ಲವರು ಮಾತ್ರ ಚೌಕಾಸಿ ಮಾಡಬಹುದು. ನನಗೆ ಎದ್ದು ಹೋಗಲು ಜಾಗವಿರಲಿಲ್ಲ, ಅದು ಅವನಿಗೂ ತಿಳಿಯಿತು. ಅವನು ಹೇಳಿದ ರೇಟಿಗೆ ಹೂಂ ಅಂದೆ. ಕೇಳಿಕೊಂಡದ್ದು ಒಂದೇ: ಅವಳಿಗೆ ಏರದಿದ್ದರೆ ನಾಳೆ ಬೆಳಿಗ್ಗೆ ಹಿಂದಕ್ಕೆ ತೆಗೆದುಕೋ ಅಂತ. ಒಮ್ಮೆ ಮೈಗೆ ಹಾಕಿದ ಸೂಟನ್ನು ಯಾರು ಕೊಳ್ಳುತ್ತಾರೆ ಬೆಹೆನ್‌ಜೀ ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಾಲು ತುಂಬಿದ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ, ಕಣ್ಣಲ್ಲಿ ನೀರು ಬಂತು. ಇದೂ ಒಂದು ಆಟ ಅಂತ ಅವನು ನಕ್ಕ. ಅವನನ್ನೇನು ಅನ್ನಲಿ, ಮೊದಲ ಸಲ ನಾನು ಅಷ್ಟು ಆಟ ಆಡಿಸಿದ್ದೆ. ಅವತ್ತಿನದು ಆಟವಾಗಿರಲಿಲ್ಲ. ಅಂಗಡಿಗೆ ಮಾಲು ತರಲು ಇಟ್ಟಿದ್ದನ್ನು ಕೊಟ್ಟು ಚಿಕ್ಕ ಸೂಟು ತಂದೆ.

ಮನೆಯಲ್ಲಿ ಅತ್ತಿ ಉಗುರು ಕತ್ತರಿಸಿಕೊಂಡು ಕೂತಿದ್ದರು. ಉಗುರು ತಾಗಿದರೆ ಸೂಟು ಹರಿಯುತ್ತದೆ ಅಂತ ಮೊಮ್ಮಗಳು ಹೇಳಿದ್ದಳಂತೆ. ಬಟ್ಟೆ ಜಾರಲೆಂದು ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ಕಾಲು ತೂರಿಸಿದೆವು. ಆಮೇಲೆ ಒಂದು ಕಡೆ ನಾನು, ಒಂದು ಕಡೆ ಅತ್ತಿ, ಬೆರಳ ತುದಿಯಿಂದ ಬಟ್ಟೆಯನ್ನು ಚೂರು ಚೂರೇ ಮೇಲಕ್ಕೆ ಸರಿಸುತ್ತ ಹೋದೆವು. ಸೊಂಟದ ಹತ್ತಿರ ನಿಂತಿತು. ಅತ್ತಿ ಮೊಣಕಾಲೂರಿ ಕೂತು, ಬಾಯಲ್ಲಿ ದೇವರ ಹೆಸರು ಹೇಳುತ್ತ, ಒತ್ತಿ ಒತ್ತಿ ದಾಟಿಸಿದರು. ಭುಜದ ಪಟ್ಟಿ ಏರಿಸಿದಾಗ ಹುಡುಗಿಯ ಕಣ್ಣು ಕೆಂಪಾಗಿತ್ತು, ಪಟ್ಟಿ ಮಾಂಸದೊಳಗೆ ಕೂತಿತ್ತು.

"ಉಸಿರಾಡಾಕ ಬರ್ತದೇನು?" ಅಂತ ಕೇಳಿದೆ.

"ಐವತ್ತು ಮೀಟರ್‌ನಲ್ಲಿ ನಾನು ಉಸಿರೇ ತಗೊಳ್ಳಲ್ಲ ಮಮ್ಮಿ," ಅಂದಳು. "ಮುಖ ಪಾನಿಯಲ್ಲಿ ಹಾಕಿದ್ರೆ ಸೀದಾ ಆ ಕಡೆ ಗೋಡೆ."

ಅದನ್ನೇ ತೆಗೆದುಕೊಂಡು ಹೋದಳು.

ಅವಳ ಹೀಟ್, ಅಂದರೆ ಮೊದಲ ಸುತ್ತು, ಇದ್ದ ದಿನ ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿ ಫೋನಿನಲ್ಲಿ ನೋಡಿದೆ. ಅತ್ತಿಯನ್ನೂ ಕರೆತಂದು ಸ್ಟೂಲಿನ ಮೇಲೆ ಕೂರಿಸಿದ್ದೆ. ಎಂಟು ಹುಡುಗಿಯರು ಸಾಲಾಗಿ ಬಗ್ಗಿ ನಿಂತರು, ನಮ್ಮವಳು ಗೋಡೆಯ ಪಕ್ಕದ ಲೇನಿನಲ್ಲಿ. ನಾನು ನೋಡುತ್ತಿದ್ದದ್ದು ಅವಳ ಭುಜದ ಹೊಲಿಗೆಯನ್ನು. ಹಾರಿದಳು, ಹೊಲಿಗೆ ತಡೆಯಿತು. ನೀರಿನ ಮೇಲೆ ಬರೀ ಕೈಗಳು, ಬಿಳಿ ನೊರೆ, ಮುಗಿದೇ ಹೋಯಿತು. ಎಂಟರಲ್ಲಿ ಏಳನೆಯವಳು. ಮುಂದಿನ ಸುತ್ತು ಇಲ್ಲ. ಮುಂಬೈಯಲ್ಲಿ ತಾನೇ ಈಜಿದ್ದಕ್ಕಿಂತ ಒಂದು ಎಳೆ ನಿಧಾನ.

ಸಂಜೆ ಫೋನಿನಲ್ಲಿ ಕೈ ಪೂರಾ ತೆರೆದುಕೊಳ್ಳಲಿಲ್ಲ ಅಂದಳು. ಅದರ ಬೆನ್ನಿಗೇ, ಹಾರುವುದರಲ್ಲೇ ಲೇಟಾಯಿತು, ತಪ್ಪು ಸೂಟಿನದಲ್ಲ ಅಂದಳು. ಯಾವುದು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಕ್ಕಿಲ್ಲ. ಆಮೇಲಿನ ಆಯ್ಕೆಯಲ್ಲಿ ಅವಳ ಹೆಸರು ಬರಲಿಲ್ಲ.

ಹೀಟ್ ಮುಗಿದ ಅವತ್ತಿನ ರಾತ್ರಿ ಅತ್ತಿ ಊಟಕ್ಕೆ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು, "ನಾ ತೊಳದದ್ದಕ್ಕ ಹಿಂಗಾತೇನವಾ?" ಅಂತ ಕೇಳಿದರು.

"ಇಲ್ರಿ ಅತ್ತಿ," ಅಂದೆ. "ಅಲ್ಲಿಯವರು ನಮ್ಮಕಿಗಿಂತ ಜೋರದಾರ. ಏಳ್ರಿ, ರೊಟ್ಟಿ ಆರ್ತಾವ."

ನಿಮ್ಮ ಮನೆಯಲ್ಲೂ ಈಜುವ ಹುಡುಗಿ ಇದ್ದರೆ ಒಂದಿಷ್ಟು ಕೇಳಿಕೊಳ್ಳಿ. ಕುಂಕುಮವನ್ನು ಡಬ್ಬಿಗೆ ಹಚ್ಚಿ, ಸೂಟಿಗಲ್ಲ. ತೊಳೆಯಲೇಬೇಕಾದರೆ ತಣ್ಣೀರು, ನೆರಳು, ಹಿಂಡುವುದು ಬೇಡ. ಇದನ್ನು ಮನೆಯ ಹಿರಿಯರಿಗೆ ಅವರ ಭಾಷೆಯಲ್ಲಿ, ಸೂಟು ಮನೆಗೆ ಬಂದ ಗಳಿಗೆಯಲ್ಲೇ ಹೇಳಿ. ತೊಳೆದುಬಿಟ್ಟಿದ್ದರೆ ಬೈಯುತ್ತ ನಿಲ್ಲಬೇಡಿ, ಅಷ್ಟರಲ್ಲಿ ಗೋಡೌನು ಮುಚ್ಚುತ್ತದೆ. ಕೊಳ್ಳುವಾಗ ರೇಟಿಗೆ ಗುದ್ದಾಡುವುದಕ್ಕಿಂತ ಹೆಚ್ಚಾಗಿ, ಅದೇ ಅಳತೆಯ ಇನ್ನೊಂದನ್ನು ವಿಮಾನ ಹೊರಡುವವರೆಗೆ ಯಾರಿಗೂ ಕೊಡದೆ ಎತ್ತಿಡಲು ಮಾರುವವನನ್ನು ಒಪ್ಪಿಸಿ. ಅದಕ್ಕೆ ಅವನು ಸ್ವಲ್ಪ ಅಡ್ವಾನ್ಸ್ ಕೇಳುತ್ತಾನೆ. ಕೊಡಿ, ಮತ್ತೆ ಎತ್ತಿಡುವ ಮಾತನ್ನು ಅವನ ಫೋನಿನಿಂದಲೇ ನಿಮಗೆ ಬರೆದು ಕಳಿಸಲು ಹೇಳಿ.