ಕಣ್ಣು ಮುಚ್ಚಿ ಹೇಳಿದ ಮಾತು

ನನಗೆ ಸುಮ್ಮನಿರಲು ಬರುವುದಿಲ್ಲ. ಬೆಟಗೇರಿಯ ನಮ್ಮ ಚರ್ಚಿನ ಸಭೆಯವರ ಬುಧವಾರದ ಪ್ರಾರ್ಥನಾ ಕೂಟ ಯಾರ ಮನೆಯಲ್ಲೇ ಇರಲಿ, "ಅಕ್ಕಾರ, ಪ್ರಾರ್ಥನಾ ನೀವ ಮಾಡ್ರಿ" ಎನ್ನುತ್ತಾರೆ. ಅಷ್ಟು ಅಂದರೆ ಸಾಕು, ಮುಚ್ಚಿದ ಕಣ್ಣು ತೆರೆಯುವುದಿಲ್ಲ, ತೆರೆದ ಬಾಯಿ ಮುಚ್ಚುವುದಿಲ್ಲ. ಆಮೆನ್ ಅನ್ನುವಷ್ಟರಲ್ಲಿ ಹುಡುಗರು ನಿದ್ದೆ ಹೋಗಿರುತ್ತಾರೆ ಎಂದು ನನ್ನ ಗೆಳತಿ ಚೇಷ್ಟೆ ಮಾಡುತ್ತಿದ್ದಳು.

ಅವಳ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿತ್ತು. ಕಳೆದ ವರ್ಷ ಆ ಹುಡುಗಿ ಗಂಡನ ಜೊತೆ ಜಗಳಾಡಿ ತವರಿಗೆ ಬಂದುಬಿಟ್ಟಳು. ಅತ್ತೆಯ ಮುಂದೆ ಮಾತ್ರ, ತಾಯಿಗೆ ಆರಾಮಿಲ್ಲ ಎಂದು ಹೇಳಿ ಬಂದಿದ್ದಳು. ಗಂಡನೂ ಮೆತ್ತಗಾಗಿ, ರವಿವಾರ ಬಂದು ಕರೆದುಕೊಂಡು ಹೋಗುತ್ತೇನೆಂದು ಫೋನ್ ಮಾಡಿದ್ದ. ಗೆಳತಿ ಇದನ್ನೆಲ್ಲ ನನ್ನೊಬ್ಬಳ ಮುಂದೆ ಹೇಳಿದಳು.

"ರವಿವಾರತನಾ ಯಾರ ಮುಂದೂ ಬಾಯಿ ಬಿಡಬ್ಯಾಡ. ಆಕಿ ಅತ್ತಿಗೆ ಗೊತ್ತಾದ್ರ ಮುಗೀತು, ಮತ್ತ ಮನಿಯೊಳಗ ಕರಕೊಳ್ಳಂಗಿಲ್ಲ."

ಬುಧವಾರ ಬಂತು. ಗೆಳತಿ ಕೂಟಕ್ಕೆ ಬಂದಿರಲಿಲ್ಲ. ರೋಗಿಗಳಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಬೇಡಿಕೊಂಡ ಮೇಲೆ, "ಸ್ವಾಮಿ, ಲಕ್ಷ್ಮೇಶ್ವರದಾಗ ಗಂಡನ ಕೂಡ ಜಗಳಾಡಿ ಬಂದಿರೋ ನಮ್ಮ ಮಗಳೊಬ್ಬಾಕಿ ಸಂಸಾರ ಕೂಡಸು" ಎಂದೆ. ಹೆಸರು ಹೇಳಲಿಲ್ಲವಲ್ಲ ಎಂಬ ಸಮಾಧಾನ ಬೇರೆ. ಕಣ್ಣು ತೆರೆದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಮ್ಮ ಸಭೆಯಿಂದ ಲಕ್ಷ್ಮೇಶ್ವರಕ್ಕೆ ಕೊಟ್ಟ ಹುಡುಗಿ ಅವಳೊಬ್ಬಳೇ.

ಶುಕ್ರವಾರದೊಳಗೆ ಅತ್ತೆಗೆ ಖಬರು ಮುಟ್ಟಿತು. ರವಿವಾರ ಅಳಿಯ ಬರಲಿಲ್ಲ.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದೇವರಿಗೆ ಎಲ್ಲವೂ ಗೊತ್ತು ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸುವವಳು ನಾನೇ. ಹಾಗಿದ್ದರೆ ಲಕ್ಷ್ಮೇಶ್ವರ ಎಂದು ಯಾರಿಗೆ ಹೇಳಿದೆ? ಪಕ್ಕದಲ್ಲಿ ಕೂತವರಿಗೆ. ಚಾಡಿಯನ್ನು ದೇವರ ಹೆಸರಲ್ಲಿ ಹೇಳಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗೆಳತಿಯ ಮನೆಗೆ ಓಡಿದೆ. "ನಾನ ಲಕ್ಷ್ಮೇಶ್ವರಕ್ಕ ಹೋಗಿ ನಿಮ್ಮ ಬೀಗತಿಗೆ ತಿಳಿಸಿ ಹೇಳ್ತೀನಿ" ಎಂದೆ.

ಅವಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ನೀ ಆಡಿದ್ದ ಸಾಕಾಗೇತಿ. ಈಗ ಸುಮ್ಮನ ಇರು."

ಇರಲಾಗಲಿಲ್ಲ. ಎರಡೇ ದಿನಕ್ಕೆ ಗದಗಿನಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಆ ಅತ್ತೆಗೆ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಹೇಗೆ ಶುರು ಮಾಡಿದರೂ ಮೊದಲ ಮಾತು "ನಂದೇನೂ ತಪ್ಪಿಲ್ಲರಿ" ಎಂದೇ ಬರುತ್ತಿತ್ತು. ಹೊರಟಿದ್ದು ಹುಡುಗಿಯ ಸಂಸಾರ ಉಳಿಸಲಿಕ್ಕೋ, ನನ್ನ ಮಾನ ಉಳಿಸಲಿಕ್ಕೋ? ನಡುದಾರಿಯ ಶಿರಹಟ್ಟಿಯಲ್ಲೇ ಇಳಿದು, ಬೇರೆ ಬಸ್ಸಿಗೆ ಊರಿಗೆ ಹೊಳ್ಳಿ ಬಂದೆ.

ಮುಂದಿನ ಬುಧವಾರ ಒಬ್ಬಾಕೆ ಕೇಳಿದಳು, "ಆ ಹುಡಿಗಿ ವಿಷಯ ಏನಾತ್ರಿ ಅಕ್ಕಾರ? ಪ್ರಾರ್ಥನಾ ಮಾಡೂಣೇನ್ರಿ?"

"ಇವತ್ತ ಎಲ್ಲಾರೂ ಮನಸಿನ್ಯಾಗ ಮಾಡೂಣ್ರಿ" ಎಂದೆ. ಫ್ಯಾನಿನ ಸಪ್ಪಳ ಬಿಟ್ಟರೆ ಬೇರೇನಿಲ್ಲ. ನಾಲಿಗೆ ತುರಿಸುತ್ತಿತ್ತು, ಕಾಲು ಕುಣಿಯುತ್ತಿತ್ತು. ಆ ಒಂದು ನಿಮಿಷದಷ್ಟು ಉದ್ದದ ಪ್ರಾರ್ಥನೆಯನ್ನು ನಾನು ಎಂದೂ ಮಾಡಿರಲಿಲ್ಲ.

ಹೀಗೇ ಎರಡು ತಿಂಗಳು ಹೋದವು. ಗೆಳತಿಯ ಮನೆಗೆ ಹೋಗಿ ಬರುತ್ತಿದ್ದೆ. ಮಗಳು ಮನೆಯಲ್ಲಿ ಕಾಣದಾದ ಮೇಲೂ, ಎಲ್ಲಿ ಎಂದು ಮಾತ್ರ ಕೇಳದೆ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಒಂದು ಮಧ್ಯಾಹ್ನ ಅವಳೇ ಹೇಳಿದಳು.

"ಅಳಿಯ ಬಂದು ಕರಕೊಂಡು ಹೋದ. ಮುಂಡರಗಿಯೊಳಗ ಬ್ಯಾರೆ ಮನಿ ಮಾಡ್ಯಾರ. ತಿಂಗಳಾತು."

ಖುಷಿಯಿಂದ ಕಣ್ಣು ತುಂಬಿದವು. ತಿಂಗಳಾಯಿತು ಎಂದದ್ದು ಆಮೇಲೆ ತಲೆಗೆ ಹತ್ತಿತು. ಅಷ್ಟರಲ್ಲಿ ನಾಲ್ಕು ಸಲ ಬಂದು ಹೋಗಿದ್ದೆ.

"ನನಗ ಯಾಕ ಹೇಳಲಿಲ್ಲ?"

"ಅಂಜಿಕಿ ಬಂತು" ಎಂದಳು. "ಗೊತ್ತಾದ್ರ ಬುಧವಾರ ಎಲ್ಲಾರ ಮುಂದ ದೇವರಿಗೆ ಸ್ತೋತ್ರ ಹೇಳತಿದ್ದಿ."

ಇಲ್ಲ ಎನ್ನಲು ಬಾಯಿ ತೆರೆದೆ. ಖರೆ ಹೇಳಬೇಕೆಂದರೆ, ಹೇಳುತ್ತಿದ್ದೆ.