ಮೇಯರ್ ವನಜಮ್ಮನವರ ಅಖಂಡ ಪರಿಶೀಲನೆ

ಕೊಡಗಿನಲ್ಲಿ ಮಹಾನಗರ ಪಾಲಿಕೆ ಇಲ್ಲ, ಹಾಗಾಗಿ ಮೇಯರ್ ಕೂಡ ಇಲ್ಲ. ಈ ಕೊರತೆಯನ್ನು ನಮ್ಮ ಕಲ್ಲಳ್ಳಿಪೇಟೆ ತನ್ನ ಮಟ್ಟಿಗೆ ಸರಿಪಡಿಸಿಕೊಂಡಿದೆ. ಶನಿವಾರಸಂತೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ, ಹನ್ನೊಂದು ವಾರ್ಡುಗಳ ಈ ಪಟ್ಟಣಕ್ಕೆ ವನಜಮ್ಮನವರೇ ಮೇಯರ್.

ಬಿರುದು ಬಂದದ್ದು ಅಧಿಕಾರಕ್ಕಿಂತ ಹದಿನೈದು ವರ್ಷ ಮೊದಲು. ಅರಕಲಗೂಡು ಕಡೆಯಿಂದ ಮದುವೆಯಾಗಿ ಬಂದ ವನಜಮ್ಮ ಗುರುವಾರದ ಸಂತೆಯಲ್ಲಿ ಹಸಿಮೆಣಸಿನಕಾಯಿ ಮಾರುತ್ತಿದ್ದರು. ಜಾಗಕ್ಕಾಗಿ ಅಲ್ಲಿ ವಾರವಾರವೂ ನಡೆಯುತ್ತಿದ್ದ ಮಹಾಯುದ್ಧಗಳನ್ನು ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು ಮುಗಿಸುತ್ತಿದ್ದರು. ಗೆರೆ ದಾಟಿದ ಟೊಮೆಟೊ ಬುಟ್ಟಿಗಳನ್ನು ಅವರ ಕಾಲೇ ಸ್ವಸ್ಥಾನಕ್ಕೆ ಕಳಿಸುತ್ತಿತ್ತು. "ಮೇಯರ್ ಬಂದ್ರು, ಮೂಟೆ ಹಿಂದಕ್ಕೆ ತಗಳ್ರೋ" ಎಂದು ಈರುಳ್ಳಿಯವರು ಗೇಲಿ ಮಾಡಿದ್ದು ಹೆಸರಾಗಿ ಅಂಟಿಕೊಂಡಿತು.

ಮುಂದೆ ಅವರು ಪಟ್ಟಣ ಪಂಚಾಯಿತಿಗೆ ನಿಂತು ಹತ್ತೊಂಬತ್ತು ಮತಗಳಿಂದ ಗೆದ್ದರು. ಅಧ್ಯಕ್ಷಗಿರಿ ಕಾಫಿ ತೋಟದ ಬೋಜಪ್ಪನವರಿಗೆ ಎಂದು ಊರೇ ನಂಬಿತ್ತು. ಬೋಜಪ್ಪನವರಂತೂ ಹೊಸ ಕೋಟು ಹೊಲಿಸಿ, ಕೃತಜ್ಞತಾ ಭಾಷಣವನ್ನು ತೋಟದ ಸಿಲ್ವರ್ ಓಕ್ ಮರಗಳ ಮುಂದೆ ಎರಡು ಸಲ ಮಾಡಿಯೂ ಬಿಟ್ಟಿದ್ದರು. ಅಷ್ಟರಲ್ಲಿ ಮೀಸಲಾತಿ ಪಟ್ಟಿ ಬಂತು. ಮೊದಲ ಎರಡೂವರೆ ವರ್ಷ ಹಿಂದುಳಿದ ವರ್ಗದ ಮಹಿಳೆಗೆ. ಹನ್ನೊಂದು ಸದಸ್ಯರನ್ನು ಜರಡಿ ಹಿಡಿದರೂ ಆ ವರ್ಗದ ಮಹಿಳೆ ಒಬ್ಬರೇ. ಎರಡೂ ಪಕ್ಷದವರು ಒಂದೇ ದಿನ ಶಾಲು ಹಿಡಿದು ಮೆಣಸಿನಕಾಯಿ ಬುಟ್ಟಿಯ ಮುಂದೆ ಸಾಲಾಗಿ ನಿಂತರು. ಬೋಜಪ್ಪ ಉಪಾಧ್ಯಕ್ಷರಾದರು. ಕೋಟು ಪೆಟ್ಟಿಗೆ ಸೇರಿತು.

ವನಜಮ್ಮನವರಿಗೆ ಬೇಕಿದ್ದದ್ದು ಒಂದೇ: ಸಂತೆಯ ಹೆಂಗಸರಿಗೆ ಶೌಚಾಲಯ. ಬೆಳಿಗ್ಗೆ ಆರರ ಬಸ್ಸಿಗೆ ಬಂದವರು ಸಂಜೆ ನಾಲ್ಕರವರೆಗೆ ತೊಟ್ಟು ನೀರೂ ಕುಡಿಯದೆ ಕೂರುತ್ತಿದ್ದರು. ಪಕ್ಕದಲ್ಲಿ ಎಳೆ ಬಿದಿರಿನ ಕಳಲೆ ಮಾರುವ ಲಿಂಗಿ ಹಾಗೆ ಕೂತೂ ಕೂತೂ ಸೋಂಕಾಗಿ ಒಂದು ವಾರ ಆಸ್ಪತ್ರೆಯಲ್ಲಿ ಮಲಗಿದ್ದಳು.

ಒಂದು ವರ್ಷ ಹೋರಾಡಿ ವನಜಮ್ಮ ಕಟ್ಟಿಸಿಯೇ ಬಿಟ್ಟರು. ನಾಲ್ಕು ಕೋಣೆ, ನೀಲಿ ಟೈಲ್ಸು, ಮೇಲೆ ಟ್ಯಾಂಕು. ಆಮೇಲೆ ಪಂಚಾಯಿತಿಯವರು ಬಾಗಿಲಿಗೆ ಟೇಪು ಕಟ್ಟಿ, ಬೀಗ ಜಡಿದು, ಉದ್ಘಾಟನೆಗೆ ಮಂತ್ರಿಗಳ ದಿನಾಂಕಕ್ಕೆ ಕಾಯತೊಡಗಿದರು. ಮೊದಲನೆಯ ಮಂತ್ರಿ ಸ್ಥಾನ ಕಳೆದುಕೊಂಡರು. ಎರಡನೆಯವರ ಖಾತೆ ಬದಲಾಯಿತು. ಮೂರನೆಯವರಿಗೆ ಬಿಡುವಿಲ್ಲ. ಶಿಲಾಫಲಕ ಮೂರು ಸಲ ಕೆತ್ತಿದ ಕಲ್ಲಿನವನು ರಾಜ್ಯ ರಾಜಕೀಯದಲ್ಲಿ ಪಂಡಿತನಾದ. ಹದಿನಾರು ತಿಂಗಳು ಕಳೆದವು. ಹೊಸ ಶೌಚಾಲಯದ ಗೋಡೆಗೆ ಬೆನ್ನು ಕೊಟ್ಟು ಹೆಂಗಸರು ಬಾಯಾರಿಕೆ ತಡೆದು ಕೂತೇ ಇದ್ದರು.

ಅವಧಿ ಮುಗಿಯಲು ಉಳಿದದ್ದು ಒಂದೇ ದಿನ, ಅದೂ ಸಂತೆಯ ದಿನ. ವನಜಮ್ಮ ಮುಖ್ಯಾಧಿಕಾರಿ ದೀಪಕ್ ಅವರ ಮುಂದೆ ಕೂತರು.

"ಸಾರ್, ಬೀಗದ ಕೈ ಕೊಡಿ."

"ಮೇಡಂ, ಮಾನ್ಯರಿಲ್ಲದೆ ಉದ್ಘಾಟನೆ ಮಾಡೋ ಹಾಗಿಲ್ಲ. ಪ್ರೋಟೋಕಾಲ್ ಇದೆ. ನನ್ನ ಕೆಲಸಕ್ಕೇ ಕುತ್ತು ಬರುತ್ತೆ."

"ಉದ್ಘಾಟನೆ ಯಾರ್ ಮಾಡ್ತಾರೆ? ಕಾಮಗಾರಿ ಪರಿಶೀಲನೆ ಅಧ್ಯಕ್ಷರು ಮಾಡ್ಬೋದಾ, ಇಲ್ವಾ?"

"ಅದು... ಮಾಡಬಹುದು."

"ಜೊತೇಲಿ ಜನ ಕರ್ಕೊಂಡ್ ಹೋಗ್ಬೋದಾ?"

"ಸಾರ್ವಜನಿಕರಿದ್ದರೆ ಒಳ್ಳೇದೇ."

"ಶೌಚಾಲಯನ ಹೊರಗ್ ನಿಂತು ಪರಿಶೀಲಿಸಿದ್ರೆ ಏನ್ ಗೊತ್ತಾಗುತ್ತೆ ಸಾರ್?"

ದೀಪಕ್ ಡ್ರಾಯರ್ ಎಳೆದು ಬೀಗದ ಕೈ ಕೊಟ್ಟರು.

ಹೀಗೆ ಪುರಪಿತೃಗಳ ಚರಿತ್ರೆಯಲ್ಲೇ ಅತಿ ದೊಡ್ಡ ಪರಿಶೀಲನಾ ತಂಡ ಹೊರಟಿತು. ಮುಂದೆ ವನಜಮ್ಮ, ಹಿಂದೆ ಅರವತ್ತು ಹೆಂಗಸರು. ಟೇಪಿಗೆ ಕತ್ತರಿ ತಾಗಲಿಲ್ಲ; ಎಲ್ಲರೂ ಅದರ ಕೆಳಗೆ ತಲೆ ಬಗ್ಗಿಸಿ ನುಸುಳಿದರು. ಮೊದಲು ಒಳಹೊಕ್ಕವಳು ಲಿಂಗಿ.

"ಏನೇ ಲಿಂಗಿ, ಕಾಮಗಾರಿ ಹೆಂಗೈತೆ?" ಹೊರಗಿನಿಂದ ಅಧ್ಯಕ್ಷರ ಪ್ರಶ್ನೆ.

"ಇರಕ್ಕ, ಪೂರ್ತಿ ನೋಡ್ತಿವ್ನಿ."

ಸುದ್ದಿ ತಿಳಿದು ಬೋಜಪ್ಪ ಜೀಪಿನಲ್ಲಿ ಧಾವಿಸಿದರು.

"ವನಜಕ್ಕಾ, ಇದೇನಿದು, ಮಂತ್ರಿಗಳಿಗೆ ಅವಮಾನ ಅಲ್ವಾ?"

"ಅವರು ಬಂದಾಗ ಉದ್ಘಾಟನೆ ಮಾಡ್ಲಿ ಬೋಜಪ್ಪಣ್ಣ, ಟೇಪು ಹಂಗೇ ಐತೆ. ಈಗ ಸ್ವಲ್ಪ ಪಕ್ಕಕ್ಕೆ ನಿಂತ್ಕಳಿ, ತಂಡದ ಸದಸ್ಯರು ಅರ್ಜೆಂಟಲ್ಲಿ ಅವ್ರೆ."

ಸಾಲು ಸರಕ್ಕನೆ ಮುಂದೆ ಸರಿಯಿತು. ಬೋಜಪ್ಪ ಸರಿದು ನಿಂತರು. ಸಾಲಿನಲ್ಲಿ ಅವರ ವಾರ್ಡಿನ ಮತದಾರರು ಹದಿನಾಲ್ಕು ಮಂದಿ ಇದ್ದರು. ಎಲ್ಲರೂ ಅವರಿಗೆ ನಮಸ್ಕರಿಸಿದರು. ಅವರೂ ಮರಳಿ ಕೈಮುಗಿಯಬೇಕಾಯಿತು.

ಸಂಜೆ ವನಜಮ್ಮ ಕಡತದಲ್ಲಿ ತಮ್ಮ ಕೊನೆಯ ಷರಾ ಬರೆದರು: "ಎರಡನೇ ಬಾಗಿಲ ಚಿಲಕ ಸಡಿಲ. ಸರಿಹೋಗುವವರೆಗೆ ಪ್ರತಿ ಸಂತೆಯಂದು ಪರಿಶೀಲನೆ ಮುಂದುವರಿಸತಕ್ಕದ್ದು."

ಮುಂದಿನ ಎರಡೂವರೆ ವರ್ಷಕ್ಕೆ ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂದು, ಬೋಜಪ್ಪನವರು ಕೊನೆಗೂ ಆ ಕುರ್ಚಿಯಲ್ಲಿ ಕೂತರು. ಮೊದಲು ಎದುರಿಗೆ ಬಂದದ್ದು ಅದೇ ಕಡತ. ಬೀಗ ಮತ್ತೆ ಹಾಕಿಸಬೇಕೇ ಎಂದು ದೀಪಕ್ ಕೇಳಿದರು. ಬೋಜಪ್ಪ ಕಿಟಕಿಯಿಂದ ಸಂತೆಯ ಕಡೆ ನೋಡಿದರು, ಪೆನ್ನು ಬಿಚ್ಚಿದರು. ಚಿಲಕದ ದುರಸ್ತಿಯನ್ನು ಅನಿರ್ದಿಷ್ಟಾವಧಿಗೆ ಮುಂದೂಡಿ, ಪರಿಶೀಲನಾ ತಂಡಕ್ಕೆ ಸೋಪು ಒದಗಿಸುವಂತೆ ಆದೇಶಿಸಿದರು.